ಬಾವಿ ಮೊದಲು, ಶಿಬಿರ ಆಮೇಲೆ: ಯುವಜನರ ಚಟುವಟಿಕೆಗಳ ಇತಿಹಾಸದಿಂದ ಕೆಲವು ಪಾಠಗಳು



ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಈ ಮೂರೂ ಊರುಗಳ ಕನ್ನಡ ಕುಟುಂಬಗಳು ಕೂಡಿ ಮಕ್ಕಳಿಗಾಗಿ ಒಂದು ಬೇಸಗೆ ಶಿಬಿರವನ್ನು ನಡೆಸಬೇಕೆಂಬ ಮಾತು ಕೆಲವು ಕಾಲದಿಂದ ನಡೆದಿದೆ. ವೈದ್ಯರಾದುದರಿಂದ ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ನಮ್ಮನ್ನು ಕೇಳಿಕೊಂಡರು. ಔಷಧಿಯ ಪೆಟ್ಟಿಗೆಯಲ್ಲಿ ಏನೇನು ಇರಬೇಕೆಂಬ ಪಟ್ಟಿಯನ್ನು ಓದಿ ಮುಗಿಸಿಬಿಡಬಹುದಾಗಿತ್ತು. ಆದರೆ ಪಟ್ಟಿಗಳು ಬಹುಬೇಗ ಕಪಾಟು ಸೇರುತ್ತವೆ. ಒಂದು ನಿಯಮ ಏಕೆ ಹುಟ್ಟಿತು ಎಂಬುದನ್ನು ತಿಳಿದವನು ಮಾತ್ರ ಅದನ್ನು ಮರೆಯುವುದಿಲ್ಲ. ಆದುದರಿಂದ ಇಂದು ವೈದ್ಯಕ್ಕಿಂತ ಹೆಚ್ಚಾಗಿ ಇತಿಹಾಸವನ್ನು ಹೇಳಲು ಹೊರಟಿದ್ದೇವೆ.

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ" ಎಂಬ ಗಾದೆಯನ್ನು ನಾವೆಲ್ಲ ಅಜ್ಜಿಯಂದಿರ ಬಾಯಿಂದ ಕೇಳಿದವರೇ. ಯುವಜನರ ಸಂಘಟನೆಗಳ ಚರಿತ್ರೆಯನ್ನು ನೋಡುತ್ತಾ ಹೋದರೆ ಈ ಗಾದೆಯ ಎರಡು ಮುಖಗಳೂ ಕಾಣುತ್ತವೆ. ಬಾವಿಯನ್ನು ಮೊದಲೇ ತೋಡಿದವರು ಕೆಲವರು. ಬೆಂಕಿ ಬಿದ್ದ ಮೇಲೆ ತೋಡಿದವರು ಹಲವರು. ನಾವು ಯಾರ ಸಾಲಿನಲ್ಲಿ ನಿಲ್ಲಬೇಕು ಎಂಬುದೇ ಇಂದಿನ ಪ್ರಶ್ನೆ.

ಗರಡಿಯ ಮಟ್ಟಿ

ಶಿಬಿರ, ಕ್ಲಬ್ಬು, ಟ್ರೂಪು ಎಂಬ ಮಾತುಗಳು ನಮ್ಮ ನಾಡಿಗೆ ಬರುವುದಕ್ಕೆ ಬಹಳ ಮೊದಲೇ ಹುಡುಗರನ್ನು ಒಂದೆಡೆ ಸೇರಿಸಿ ಬೆಳೆಸುವ ಸಂಸ್ಥೆಯೊಂದು ಇತ್ತು. ಅದೇ ಗರಡಿಮನೆ. ಮೈಸೂರಿನ ಹಳೆಯ ಬೀದಿಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗರಡಿಗೆ ಸೇರಿದ ಹುಡುಗನನ್ನು ಮೊದಲ ದಿನವೇ ಕುಸ್ತಿಗೆ ಬಿಡುತ್ತಿರಲಿಲ್ಲ. ಮಟ್ಟಿಯ ಕೆಂಪು ಮಣ್ಣನ್ನು ಅಗೆದು, ಹುಡಿ ಮಾಡಿ, ಹದಗೊಳಿಸುವುದು ಮೊದಲ ಪಾಠ. ಬಿದ್ದವನ ಮೂಳೆ ಮುರಿಯಬಾರದು ಎಂಬುದೇ ಆ ಕೆಲಸದ ತಿರುಳು. ಅದಾದ ಮೇಲೆ ದಂಡೆ, ಬಸ್ಕಿ, ಸಾಮು. ಆಮೇಲೆ, ಉಸ್ತಾದನ ಕಣ್ಣೆದುರಿನಲ್ಲಿ, ಸಮಾನ ಮೈಕಟ್ಟಿನವನೊಡನೆ ಜೋಡಿ.

ಈ "ಜೋಡಿ ಕಟ್ಟುವುದು" ಎಂಬ ಪದ್ಧತಿ ಬಹಳ ಅರ್ಥವತ್ತಾದುದು. ತೂಕ, ವಯಸ್ಸು, ಅನುಭವ ಮೂರನ್ನೂ ನೋಡಿ ಹಿರಿಯರು ಜೋಡಿಯನ್ನು ನಿರ್ಣಯಿಸುತ್ತಿದ್ದರು. ಇಂದಿನ ಕ್ರೀಡಾ ವೈದ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ಕೇವಲ ಹುಟ್ಟಿದ ವರ್ಷವನ್ನು ನೋಡಿ ತಂಡ ಮಾಡಿದರೆ ಬೆಳವಣಿಗೆ ತಡವಾದ ಹುಡುಗನಿಗೆ ಪೆಟ್ಟಾಗುತ್ತದೆ. ಹದಿಮೂರು ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಮೀಸೆ ಮೂಡಿರಬಹುದು, ಇನ್ನೊಬ್ಬ ಮಗುವಿನಂತೆಯೇ ಇರಬಹುದು. ನಮ್ಮ ಪಿಕ್ನಿಕ್ಕುಗಳ ಕಬಡ್ಡಿಯಲ್ಲಿ ಇದನ್ನು ನೋಡುವವರು ಎಷ್ಟು ಮಂದಿ?

ಗರಡಿಯನ್ನು ಸುಮ್ಮನೆ ಹೊಗಳಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆಟಪಾಟಗಳಲ್ಲಿ ಒಲವಿದ್ದ ಹುಡುಗನಿಗೂ ಅಲ್ಲಿ ಹೆಚ್ಚೇನೂ ಸಿಗುತ್ತಿರಲಿಲ್ಲ. ಆದರೆ ನೆಲವನ್ನು ಮೊದಲು ಹದ ಮಾಡಬೇಕೆಂಬ ಅರಿವು ಮಾತ್ರ ಅಲ್ಲಿ ಗಟ್ಟಿಯಾಗಿತ್ತು.

ಹುಬ್ಬಳ್ಳಿಯ ವೈದ್ಯರು

ನಾವು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ ಡಾ. ನಾ. ಸು. ಹರ್ಡೀಕರರ ಹೆಸರನ್ನು ಹಿರಿಯರಿಂದ ಕೇಳುತ್ತಿದ್ದೆವು. ಆಗ ಅದು ಪರೀಕ್ಷೆಗೆ ಬಾರದ ಹೆಸರೆಂದು ಬಿಟ್ಟೆವು. ರೆಸಿಡೆನ್ಸಿಗಾಗಿ ಈ ದೇಶಕ್ಕೆ ಬಂದು, ಇಲ್ಲಿಯೇ ನೆಲೆಸಿ, ತಲೆ ನರೆತ ಮೇಲೆ ಅವರ ಜೀವನವನ್ನು ಓದಿದಾಗ ನಾಚಿಕೆಯಾಯಿತು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ಹರ್ಡೀಕರರು ಕಲ್ಕತ್ತೆಯಲ್ಲಿ ವೈದ್ಯಕೀಯವನ್ನು ಕಲಿತು, ಅಮೆರಿಕಕ್ಕೆ ಬಂದು ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಅಭ್ಯಾಸ ಮಾಡಿದರು. ನ್ಯೂಯಾರ್ಕಿನಲ್ಲಿ ಲಾಲಾ ಲಜಪತರಾಯರ ಜೊತೆ ದುಡಿದರು. ನಮ್ಮಲ್ಲಿ ಬಹುಮಂದಿ ಬಂದ ಹಾದಿಯಲ್ಲೇ, ನಮಗಿಂತ ಅರ್ಧ ಶತಮಾನಕ್ಕೂ ಮುಂಚೆ, ಬಂದವರು ಅವರು. ಆದರೆ ಅವರು ಹಿಂದಿರುಗಿ ಹೋದರು. ಹುಬ್ಬಳ್ಳಿಯಲ್ಲಿ ತರುಣರನ್ನು ಕಟ್ಟಿ ಹುಬ್ಬಳ್ಳಿ ಸೇವಾ ಮಂಡಳವನ್ನು ಸ್ಥಾಪಿಸಿದರು.

1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಈ ತರುಣರು ಸೆರೆಮನೆಗೆ ಹೋದರು. ಕ್ಷಮಾಪಣೆ ಬರೆದುಕೊಟ್ಟು ಹೊರಬರಲು ಒಪ್ಪಲಿಲ್ಲ. ಆ ಶಿಸ್ತನ್ನು ಕಂಡು ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡದಲ್ಲಿ ಹಿಂದೂಸ್ತಾನಿ ಸೇವಾದಳದ ಸ್ಥಾಪನೆಯಾಯಿತು. ಅದರ ರಾಜಕೀಯವನ್ನು ಇಲ್ಲಿ ಚರ್ಚಿಸುವುದಿಲ್ಲ. ನಮಗೆ ಬೇಕಾದುದು ಮುಂದಿನ ವರ್ಷ ಬೆಳಗಾವಿಯಲ್ಲಿ ನಡೆದ ಸಂಗತಿ.

1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಂಗೂಬಾಯಿ ಹಾನಗಲ್ಲರು ಹನ್ನೊಂದು ವರ್ಷದ ಬಾಲಿಕೆಯಾಗಿ ಸ್ವಾಗತಗೀತೆ ಹಾಡಿದ್ದು ಅಲ್ಲಿಯೇ. ಹಾಡು ಎಲ್ಲರಿಗೂ ನೆನಪಿದೆ. ಆದರೆ ವೈದ್ಯರ ಕಣ್ಣಿಗೆ ಬೀಳುವುದು ಬೇರೆಯದು. ಗಂಗಾಧರರಾವ್ ದೇಶಪಾಂಡೆಯವರ ನೇತೃತ್ವದ ವ್ಯವಸ್ಥಾಪಕರು, ಅಷ್ಟೊಂದು ಜನ ಸೇರುವ ಜಾಗದಲ್ಲಿ ನೀರಿಗಾಗಿ ಒಂದು ಬಾವಿಯನ್ನು ತೋಡಿಸಿದರು. ಅದಕ್ಕೆ ಪಂಪಾ ಸರೋವರ ಎಂದು ಹೆಸರಿಟ್ಟರು. ಕಾಂಗ್ರೆಸ್ ಬಾವಿ ಎಂದು ಕರೆಯುವ ಆ ಬಾವಿ ನೂರು ವರ್ಷಗಳ ಮೇಲೂ ಟಿಳಕವಾಡಿಯಲ್ಲಿದೆ. ಜನ ಬಂದ ಮೇಲೆ ನೀರು ಹುಡುಕಲಿಲ್ಲ. ನೀರು ಸಿಕ್ಕ ಮೇಲೆ ಜನರನ್ನು ಕರೆದರು. ಸಭೆ ಸಮಾರಂಭಗಳಲ್ಲಿ ಕಾಲರಾ ಹಬ್ಬುತ್ತಿದ್ದ ಕಾಲ ಅದು ಎಂಬುದನ್ನು ನೆನೆದರೆ ಈ ಮುಂದಾಲೋಚನೆಯ ಬೆಲೆ ತಿಳಿಯುತ್ತದೆ.

ಸ್ವಯಂಸೇವಕರ ಹೊಣೆ ಹರ್ಡೀಕರರದು. ಮಹಿಳಾ ವಿಭಾಗವನ್ನು ಉಮಾಬಾಯಿ ಕುಂದಾಪುರ ಅವರು ನೋಡಿಕೊಂಡರು. ಅವರು ನೂರೈವತ್ತಕ್ಕೂ ಹೆಚ್ಚು ಮಹಿಳೆಯರನ್ನು ಸೇವಿಕೆಯರನ್ನಾಗಿ ಕರೆತಂದರು; ಅವರಲ್ಲಿ ಮನೆಯ ಮೂಲೆಯಲ್ಲಿ ಕಾಲ ಕಳೆಯಬೇಕಾಗಿದ್ದ ವಿಧವೆಯರೂ ಇದ್ದರು. ತರುಣ ತರುಣಿಯರನ್ನು ಪ್ರೇಕ್ಷಕರನ್ನಾಗಿ ಕೂರಿಸದೆ, ಕೆಲಸದ ಪಾಲುದಾರರನ್ನಾಗಿ ಮಾಡಿದ್ದು ಬೆಳಗಾವಿಯ ಎರಡನೆಯ ಪಾಠ.

ಮಕ್ಕಳ ಕೂಟ

ಶಿಸ್ತೊಂದೇ ಸಾಲದು. ಮಗುವಿಗೆ ನಗುವೂ ಬೇಕು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಆರಂಭಿಸಿದರು. ಬಾಲ್ಯದಲ್ಲಿಯೇ ವಿಧವೆಯಾದ ಈ ತಾಯಿ 1921ರಿಂದ "ಸರಸ್ವತಿ" ಎಂಬ ಪತ್ರಿಕೆಯನ್ನು ನಡೆಸಿದವರು. ತಮಗೆ ದೊರೆಯದ ಬಾಲ್ಯವನ್ನು ಇತರರ ಮಕ್ಕಳಿಗೆ ಒದಗಿಸಿಕೊಟ್ಟರು ಎಂದರೆ ತಪ್ಪಾಗಲಾರದು. ಹಾಡು, ಕಥೆ, ನಾಟಕ, ಆಟ ಎಲ್ಲವೂ ಅಲ್ಲಿ ಸಮಸಮವಾಗಿ ಸೇರಿದವು. ಮುಂದೆ ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ತೆರೆದರು. 1989ರಲ್ಲಿ ಬಿ. ವಿ. ಕಾರಂತರಿಂದ ರೂಪುಗೊಂಡ ಮೈಸೂರಿನ ರಂಗಾಯಣವು ಬೇಸಗೆಯಲ್ಲಿ ಚಿಣ್ಣರ ಮೇಳವನ್ನು ನಡೆಸುತ್ತಾ ಬಂದಿತು. ಇವುಗಳಲ್ಲಿ ಬೆಳೆದ ಮಕ್ಕಳೆಲ್ಲ ನಟರಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಬಹುಮಾನವಿಲ್ಲದ ಆಟದ ಸುಖವನ್ನು ಅವರು ಕಂಡರು.

ಗರಡಿಯಿಂದ ಮೈಯ ಹದ, ಸೇವಾದಳದಿಂದ ಹೊಣೆಗಾರಿಕೆ, ಮಕ್ಕಳ ಕೂಟದಿಂದ ಉಲ್ಲಾಸ. ಸಮತೋಲದ ಕಾರ್ಯಕ್ರಮವೆಂದರೆ ಈ ಮೂರರ ಕೂಟವೇ ಹೊರತು ಬೇರೇನೂ ಅಲ್ಲ. ಇಷ್ಟರಮಟ್ಟಿಗೆ ನಾವು ತವರಿನಿಂದ ತಂದ ಬುತ್ತಿ ಸಾಕಷ್ಟಿದೆ. ಆದರೆ ನಾವು ಈಗ ಶಿಬಿರ ಹೂಡುವುದು ಟೆಕ್ಸಸಿನ ನೆಲದಲ್ಲಿ. ಈ ನೆಲದ ಬಿಸಿಲು ಬೇರೆ, ನದಿ ಬೇರೆ. ಅವುಗಳ ಚರಿತ್ರೆಯನ್ನು ಅರಿಯದೆ ಇಲ್ಲಿ ಡೇರೆ ಹೊಡೆಯುವುದು ಅಪಾಯಕರ.

ಬಿಸಿಲಿನ ಪಾಠ

ಆಸ್ಟಿನ್ನಿನಿಂದ ಪಶ್ಚಿಮಕ್ಕೆ ಗುಡ್ಡಗಾಡಿನಲ್ಲಿ ಜಂಕ್ಷನ್ ಎಂಬ ಸಣ್ಣ ಊರಿದೆ. 1954ರ ಸೆಪ್ಟೆಂಬರಿನಲ್ಲಿ ಟೆಕ್ಸಸ್ ಎ ಅಂಡ್ ಎಂ ಕಾಲೇಜಿನ ಫುಟ್‌ಬಾಲ್ ತರಬೇತುದಾರರಾದ ಬೇರ್ ಬ್ರಯಂಟ್ ತಮ್ಮ ಆಟಗಾರರನ್ನು ಅಲ್ಲಿಗೆ ಕರೆದೊಯ್ದರು. ಟೆಕ್ಸಸಿನ ದೊಡ್ಡ ಬರಗಾಲದ ವರ್ಷಗಳವು. ಹತ್ತು ದಿನ, ನೂರು ಡಿಗ್ರಿ ಮೀರಿದ ಬಿಸಿಲಿನಲ್ಲಿ, ಅಭ್ಯಾಸದ ನಡುವೆ ನೀರು ಕುಡಿಯಲು ಬಿಡದೆ ಆಡಿಸಿದರು. ನೀರು ಕೇಳುವುದು ದೌರ್ಬಲ್ಯವೆಂಬ ನಂಬಿಕೆ ಅಂದು ಎಲ್ಲೆಡೆ ಇತ್ತು. ನೂರರಷ್ಟು ಹುಡುಗರು ಹೋದವರಲ್ಲಿ ಕೊನೆಗೆ ಉಳಿದವರು ಸುಮಾರು ಮೂವತ್ತೈದು. ಒಬ್ಬ ಆಟಗಾರ ಉಷ್ಣಾಘಾತದಿಂದ ಕುಸಿದು, ಸಾವಿನ ಬಾಗಿಲಿಗೆ ಹೋಗಿ ಮರಳಿದ. ಆ ವರ್ಷ ತಂಡ ಹತ್ತು ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿತು. ಎರಡು ವರ್ಷಗಳ ನಂತರ ಅದೇ ತಂಡ ಸೋಲಿಲ್ಲದೆ ಮೆರೆದಾಗ, ಎಲ್ಲವೂ ಜಂಕ್ಷನ್ನಿನ ಫಲವೆಂದು ಜನ ಕೊಂಡಾಡಿದರು. ಅದರ ಮೇಲೆ ಪುಸ್ತಕ ಬಂತು, ಚಿತ್ರವೂ ಬಂತು.

ಬೆಳಗಾವಿಯಲ್ಲಿ ಜನರಿಗಾಗಿ ಬಾವಿ ತೋಡಿದ ಮೂವತ್ತು ವರ್ಷಗಳ ಮೇಲೆ ಜಂಕ್ಷನ್ನಿನಲ್ಲಿ ಹುಡುಗರಿಗೆ ನೀರನ್ನೇ ನಿರಾಕರಿಸಲಾಯಿತು. ಇದರಲ್ಲಿ ಪೂರ್ವ ಪಶ್ಚಿಮವೆಂಬ ಹೆಚ್ಚುಗಾರಿಕೆಯ ಮಾತಿಲ್ಲ. ಬದುಕಿ ಬಂದವರ ಯಶಸ್ಸು ಅಪಾಯವನ್ನು ಮರೆಮಾಡುತ್ತದೆ ಎಂಬುದಷ್ಟೇ ಇದರ ತಾತ್ಪರ್ಯ. "ಕಳೆದ ವರ್ಷ ಏನೂ ಆಗಲಿಲ್ಲವಲ್ಲ" ಎಂಬ ಮಾತನ್ನು ನಾವು ಎಷ್ಟು ಸಭೆಗಳಲ್ಲಿ ಕೇಳಿಲ್ಲ!

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದಿನ ಒಂದು ಆಗಸ್ಟ್ ತಿಂಗಳ ಪಿಕ್ನಿಕ್ಕು. ಮಧ್ಯಾಹ್ನ ಎರಡು ಗಂಟೆಗೆ ಹುಡುಗರ ಕಬಡ್ಡಿ. ಒಬ್ಬ ಹುಡುಗ ಬೆಂಗಳೂರಿನಿಂದ ಬಂದು ಇನ್ನೂ ಒಂದು ವಾರವಾಗಿರಲಿಲ್ಲ. ಆಟದ ನಡುವೆ ಅವನು ಅಡ್ಡಾದಿಡ್ಡಿಯಾಗಿ ನಡೆಯತೊಡಗಿದ, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಟ್ಟ. ಮೈ ಬೆವರುತ್ತಿತ್ತು, ಆದ್ದರಿಂದ ಉಷ್ಣಾಘಾತವಿರಲಾರದು ಎಂದು ಯಾರೋ ಹೇಳಿದರು. ಅದು ತಪ್ಪು ತಿಳಿವಳಿಕೆ. ಶ್ರಮದಿಂದ ಬರುವ ಉಷ್ಣಾಘಾತದಲ್ಲಿ ಬೆವರು ಇರಬಹುದು. ಬುದ್ಧಿ ಮಂಕಾಗುವುದೇ ಮುಖ್ಯ ಸೂಚನೆ. ನಾವು ಎಲ್ಲಿದ್ದೆವು? ಮರದ ನೆರಳಿನಲ್ಲಿ ಬಿಸಿಬೇಳೆ ಭಾತು ತಿನ್ನುತ್ತಾ ರಾಜಕೀಯ ಮಾತಾಡುತ್ತಿದ್ದೆವು. ನಾವು ಓಡಿಬರುವಷ್ಟರಲ್ಲಿ ಹುಡುಗ ನೆಲಕ್ಕೊರಗಿದ್ದ. ಪಾನೀಯಗಳಿಗೆಂದು ತಂದಿದ್ದ ಐಸನ್ನೂ ತಣ್ಣೀರನ್ನೂ ಅವನ ಮೇಲೆ ಸುರಿದು, ಆಂಬುಲೆನ್ಸ್ ಬರುವವರೆಗೆ ಮೈ ತಣಿಸಿದೆವು. ದೇವರ ದಯೆ, ಹುಡುಗ ಉಳಿದ. ಆಸ್ಪತ್ರೆಯಲ್ಲಿ ಅವನ ತಾಯಿ ನಮ್ಮನ್ನು ಕೇಳಿದ್ದು ಒಂದೇ ಮಾತು: "ಡಾಕ್ಟ್ರೇ, ನೀವೆಲ್ಲ ಅಲ್ಲೇ ಇದ್ದಿರಲ್ಲಾ?"

ಆ ಮಾತಿಗೆ ಅಂದು ಉತ್ತರವಿರಲಿಲ್ಲ. ಇಂದು ವೈದ್ಯಶಾಸ್ತ್ರ ಹೇಳುವುದನ್ನು ಮಾತ್ರ ಹೇಳಬಲ್ಲೆವು. ಹೊಸ ಬಿಸಿಲಿಗೆ ದೇಹ ಒಗ್ಗಲು ಹತ್ತರಿಂದ ಹದಿನಾಲ್ಕು ದಿನಗಳಾದರೂ ಬೇಕು. ರಜೆಗೆ ಬಂದ ಅಣ್ಣನ ಮಗನನ್ನು ಮೊದಲ ವಾರವೇ ಬಿಸಿಲಿನಲ್ಲಿ ಓಡಿಸಬಾರದು. ಉಷ್ಣಾಘಾತವಾದಾಗ ಮೊದಲು ತಣಿಸಬೇಕು, ಸಾಗಿಸುವುದು ಆಮೇಲೆ. ಮಂಜುನೀರಿನ ತೊಟ್ಟಿಯಲ್ಲಿ ಮುಳುಗಿಸುವುದಕ್ಕಿಂತ ಉತ್ತಮ ಚಿಕಿತ್ಸೆ ಇಲ್ಲ. ಬಳ್ಳಾರಿ ರಾಯಚೂರುಗಳ ಬಿಸಿಲು ಕಂಡವರೆಂಬ ಹೆಮ್ಮೆ ಇಲ್ಲಿ ಪ್ರಯೋಜನಕ್ಕೆ ಬಾರದು. ಅಲ್ಲಿ ಆ ಹೊತ್ತಿನಲ್ಲಿ ಯಾರೂ ಕಬಡ್ಡಿ ಆಡುತ್ತಿರಲಿಲ್ಲ.

ನದಿಯ ಪಾಠ

ಟೆಕ್ಸಸಿನ ಗುಡ್ಡಗಾಡು ನೋಡಲು ಬಲು ಸೊಗಸು. ಸುಣ್ಣಕಲ್ಲಿನ ಬಂಡೆ, ತೆಳು ಮಣ್ಣು, ತಿಳಿನೀರಿನ ಗ್ವಾಡಲೂಪ್ ನದಿ. ಆ ತೆಳು ಮಣ್ಣು ಮಳೆನೀರನ್ನು ಹೀರುವುದಿಲ್ಲ. ಬಿದ್ದುದೆಲ್ಲ ಕೂಡಲೇ ಹೊಳೆಗೆ ಧುಮುಕುತ್ತದೆ. ಹವಾಮಾನ ತಜ್ಞರು ಈ ಪ್ರದೇಶವನ್ನು ದಿಢೀರ್ ಪ್ರವಾಹಗಳ ಓಣಿ ಎಂದೇ ಕರೆಯುತ್ತಾರೆ. ಮಕ್ಕಳ ಬೇಸಗೆ ಶಿಬಿರಗಳು ಹೆಚ್ಚಾಗಿ ಇರುವುದೂ ಅಲ್ಲಿಯೇ.

1987ರ ಜುಲೈ 17ರಂದು ಕಂಫರ್ಟ್ ಎಂಬ ಊರಿನ ಬಳಿಯ ಶಿಬಿರದಿಂದ ಡಲ್ಲಾಸ್ ಸಮೀಪದ ಚರ್ಚೊಂದರ ಮಕ್ಕಳು ಬಸ್ಸು ವ್ಯಾನುಗಳಲ್ಲಿ ಹೊರಟರು. ಪ್ರವಾಹದ ಭಯದಿಂದಲೇ ಬೇಗ ಹೊರಟಿದ್ದರು. ತಗ್ಗಿನ ಸೇತುವೆಯ ಬಳಿ ನೀರು ಅವರನ್ನು ಸುತ್ತುವರಿಯಿತು. ಒಟ್ಟು 43 ಮಂದಿಯಲ್ಲಿ 33 ಮಂದಿ ಉಳಿದರು. ಹತ್ತು ಮಂದಿ ಹದಿಹರೆಯದವರು ಕೊಚ್ಚಿಹೋದರು. ಹೊರಡಬೇಕೆಂಬ ನಿರ್ಧಾರ ಸರಿಯಾಗಿತ್ತು, ಹೊರಟ ದಾರಿ ಸರಿಯಾಗಿರಲಿಲ್ಲ. ಹರಿಯುವ ನೀರು ಅರ್ಧ ಅಡಿಯಿದ್ದರೆ ನಿಂತ ಮನುಷ್ಯನನ್ನು ಬೀಳಿಸಬಲ್ಲದು, ಎರಡು ಅಡಿಯಿದ್ದರೆ ಹೆಚ್ಚಿನ ವಾಹನಗಳನ್ನು ತೇಲಿಸಿಕೊಂಡು ಹೋಗಬಲ್ಲದು.

ಮೂವತ್ತೆಂಟು ವರ್ಷಗಳ ನಂತರ, 2025ರ ಜುಲೈ 4ರ ನಸುಕಿನಲ್ಲಿ ಅದೇ ನದಿ ಮತ್ತೆ ಉಕ್ಕಿತು. ನಲವತ್ತೈದು ನಿಮಿಷಗಳಲ್ಲಿ 26 ಅಡಿ ಏರಿತೆಂದು ಅಧಿಕಾರಿಗಳು ಹೇಳಿದರು. ಕೆರ್ ಕೌಂಟಿಯ ಹಂಟ್ ಬಳಿ, 1926ರಿಂದ ನಡೆದುಬಂದಿದ್ದ ಕ್ಯಾಂಪ್ ಮಿಸ್ಟಿಕ್ ಎಂಬ ಬಾಲಕಿಯರ ಶಿಬಿರದಲ್ಲಿ 25 ಮಂದಿ ಬಾಲಕಿಯರೂ, ಅವರನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ತರುಣಿಯರೂ ತೀರಿಕೊಂಡರು. ಶಿಬಿರದ ನಿರ್ದೇಶಕರೂ ಉಳಿಯಲಿಲ್ಲ. ಗುಡ್ಡಗಾಡಿನಲ್ಲಿ ಒಟ್ಟು 130ಕ್ಕೂ ಹೆಚ್ಚು ಜನ ಆ ಪ್ರವಾಹಕ್ಕೆ ಬಲಿಯಾದರು. ಆ ಬಾಲಕಿಯರಲ್ಲಿ ಡಲ್ಲಾಸಿನ, ಹ್ಯೂಸ್ಟನ್ನಿನ, ಆಸ್ಟಿನ್ನಿನ ಮಕ್ಕಳು ಇದ್ದರು. ನಮ್ಮದೇ ಮೂರು ಊರುಗಳು. ಎಂಟು ಒಂಬತ್ತು ವರ್ಷದ ಆ ಮಕ್ಕಳ ವಯಸ್ಸಿನ ಮಗು ನಮ್ಮಲ್ಲಿ ಯಾರ ಮನೆಯಲ್ಲಿ ಇಲ್ಲ?

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಎಚ್ಚರಿಕೆಯ ಸೈರನ್ ಬೇಕೆಂಬ ಮಾತು ಆ ಕೌಂಟಿಯಲ್ಲಿ ವರ್ಷಗಳ ಹಿಂದೆಯೇ ನಡೆದಿತ್ತು. ಹಣ ಒದಗದೆ ನಿಂತುಹೋಗಿತ್ತು. ಎರಡನೆಯದು, ಅದೇ ರಾತ್ರಿ ಅದೇ ನದಿಯ ಇನ್ನೊಂದು ಕವಲಿನ ಮೇಲಿದ್ದ ಮೋ ರಾಂಚ್ ಎಂಬ ಶಿಬಿರದಲ್ಲಿ ಸಿಬ್ಬಂದಿಯವರೊಬ್ಬರು ರಾತ್ರಿ ಒಂದು ಗಂಟೆಯ ಹೊತ್ತಿಗೆ ನೀರು ಏರುತ್ತಿರುವುದನ್ನು ಕಂಡರು. ಮಕ್ಕಳು ದೊಡ್ಡವರೆನ್ನದೆ ಸುಮಾರು 70 ಮಂದಿಯನ್ನು ಎಬ್ಬಿಸಿ ಎತ್ತರದ ಕಟ್ಟಡಗಳಿಗೆ ಸಾಗಿಸಲಾಯಿತು. ಒಬ್ಬರೂ ಸಾಯಲಿಲ್ಲ. ಯಂತ್ರವಲ್ಲ, ಎಚ್ಚರವಾಗಿದ್ದ ಒಂದು ಜೋಡಿ ಕಣ್ಣು ಅಲ್ಲಿ ಬಾವಿಯ ಕೆಲಸ ಮಾಡಿತು.

ದುರಂತದ ನಂತರ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳು ಆಸ್ಟಿನ್ನಿನ ಶಾಸನಸಭೆಯ ಮುಂದೆ ಬಂದು ನಿಂತರು. 2025ರ ಸೆಪ್ಟೆಂಬರ್ 5ರಂದು ಹೊಸ ಕಾನೂನುಗಳಿಗೆ ರಾಜ್ಯಪಾಲರ ಸಹಿ ಬಿತ್ತು. ಒಂದರ ಹೆಸರೇ ಹೆವೆನ್ಸ್ 27 ಶಿಬಿರ ಸುರಕ್ಷತಾ ಕಾಯಿದೆ. ನೆರೆಬಯಲಿನಲ್ಲಿ ಮಕ್ಕಳು ಮಲಗುವ ಕುಟೀರಗಳಿದ್ದರೆ ಪರವಾನಗಿ ಇಲ್ಲ. ತುರ್ತು ಸ್ಥಿತಿಯ ಯೋಜನೆ ಲಿಖಿತವಾಗಿರಬೇಕು. ಸಿಬ್ಬಂದಿಗೆ ತರಬೇತಿ ಇರಬೇಕು. ಎಚ್ಚರಿಕೆ ನೀಡುವ ವ್ಯವಸ್ಥೆ ಇರಬೇಕು. ಇಪ್ಪತ್ತೇಳು ಜೀವಗಳ ಬೆಲೆ ತೆತ್ತು ತೋಡಿದ ಬಾವಿ ಇದು.

ಈಗ ಒಂದು ಮಾತನ್ನು ದಯವಿಟ್ಟು ಗಮನವಿಟ್ಟು ಕೇಳಬೇಕು. ಟೆಕ್ಸಸಿನ ಕಾನೂನಿನಲ್ಲಿ "ಯುವ ಶಿಬಿರ" ಎನಿಸಿಕೊಳ್ಳಲು, ಐವರಾದರೂ ಮಕ್ಕಳು ನಾಲ್ಕು ದಿನಗಳಾದರೂ ಅಲ್ಲಿ ಇರಬೇಕು ಅಥವಾ ಬಂದುಹೋಗಬೇಕು. ನಾವು ಯೋಜಿಸುತ್ತಿರುವುದು ಶುಕ್ರವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದವರೆಗಿನ ಶಿಬಿರ. ಅಂದರೆ, ಅಷ್ಟೊಂದು ಕಣ್ಣೀರಿನಿಂದ ಬಂದ ಆ ಕಾನೂನು ನಮ್ಮ ಈ ಮೂರು ದಿನಗಳ ಕಾರ್ಯಕ್ರಮದ ಬಾಗಿಲಿಗೆ ಬರುವುದೇ ಇಲ್ಲ. ತಪಾಸಣೆಗೆ ಯಾರೂ ಬರುವುದಿಲ್ಲ, ಯೋಜನೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ಇದನ್ನು ಅನುಕೂಲವೆಂದು ತಿಳಿಯುವವರಿದ್ದಾರೆ. ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಹೊಣೆ ಬೇರೊಂದಿಲ್ಲ. ಕಾನೂನು ಕೇಳದಿದ್ದುದನ್ನು ನಾವೇ ನಮ್ಮನ್ನು ಕೇಳಿಕೊಳ್ಳಬೇಕಾಗಿದೆ.

ಇದು ಪರದೇಶದ ಕಥೆ ಎಂದೂ ಭಾವಿಸಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿಶಾಲೆಯೊಂದರ ಮಕ್ಕಳು ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಹೋದರು. ಸಮುದ್ರಕ್ಕಿಳಿದವರಲ್ಲಿ ನಾಲ್ವರು ವಿದ್ಯಾರ್ಥಿನಿಯರು ಮರಳಿ ಬರಲಿಲ್ಲ. ನೀರಿಗೆ ಕೋಲಾರವೂ ಒಂದೇ, ಡಲ್ಲಾಸೂ ಒಂದೇ.

ನಂಬಿಕೆಯ ಪಾಠ

ಅಪಾಯವೆಲ್ಲ ಬಿಸಿಲು ನೀರುಗಳಿಂದ ಮಾತ್ರ ಬರುವುದಿಲ್ಲ. ಹೇಳಲು ಮುಜುಗರವಾಗುವ ಇನ್ನೊಂದು ಅಪಾಯವಿದೆ. ಬೇಡನ್ ಪೊವೆಲ್ಲರು 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಇಪ್ಪತ್ತರಷ್ಟು ಹುಡುಗರೊಡನೆ ಆರಂಭಿಸಿದ ಸ್ಕೌಟ್ ಚಳವಳಿ ಎರಡೇ ವರ್ಷಗಳಲ್ಲಿ, 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಗೆ ಬಂದಿತ್ತು. ಅಮೆರಿಕದ ಸ್ಕೌಟ್ ಸಂಸ್ಥೆಯ ಕೇಂದ್ರ ಕಚೇರಿ 1979ರಿಂದ ನಮ್ಮ ಡಲ್ಲಾಸಿನ ಮಗ್ಗುಲಲ್ಲಿರುವ ಅರ್ವಿಂಗಿನಲ್ಲಿದೆ. ನಮ್ಮ ಹಲವು ಮನೆಗಳ ಹುಡುಗರು ಅಲ್ಲಿ ಈಗಲ್ ಪದವಿ ಪಡೆದು ಹೆಮ್ಮೆ ತಂದಿದ್ದಾರೆ. ಅಂಥ ಸಂಸ್ಥೆ 2020ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಬಾಲ್ಯದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತೆಂದು 80,000ಕ್ಕೂ ಮಿಕ್ಕಿ ಜನ ದೂರು ಸಲ್ಲಿಸಿದರು. 240 ಕೋಟಿ ಡಾಲರಿಗೂ ಮೀರಿದ ಪರಿಹಾರ ನಿಧಿ ಏರ್ಪಟ್ಟು, 2023ರಲ್ಲಿ ಒಪ್ಪಂದ ಜಾರಿಗೆ ಬಂದಿತು.

ಯಾವ ಮಗುವಿನೊಡನೆಯೂ ಒಬ್ಬನೇ ಹಿರಿಯ ಏಕಾಂತದಲ್ಲಿ ಇರಬಾರದು, ಯಾವಾಗಲೂ ಇಬ್ಬರಿರಬೇಕು ಎಂಬುದು ಈಗ ಆ ಸಂಸ್ಥೆಯ ಕಟ್ಟುನಿಟ್ಟಿನ ನಿಯಮ. "ನಮ್ಮವರೇ ಅಲ್ಲವೇ, ಅಂಕಲ್ ಅಲ್ಲವೇ" ಎಂಬ ನಮ್ಮ ನಂಬಿಕೆ ಒಳ್ಳೆಯದೇ. ಆದರೆ ನಿಯಮವೆಂಬುದು ಯಾರನ್ನೋ ಶಂಕಿಸುವುದಕ್ಕಲ್ಲ. ಒಳ್ಳೆಯವರ ಹೆಸರನ್ನೂ ಮಕ್ಕಳ ಮಾನವನ್ನೂ ಒಟ್ಟಿಗೆ ಕಾಯುವುದಕ್ಕೆ. ಟೆಕ್ಸಸಿನಲ್ಲಿ ಮಗುವಿಗೆ ಹಿಂಸೆಯಾಗಿದೆ ಎಂದು ಅನುಮಾನಿಸಲು ಕಾರಣವಿದ್ದರೆ ಅದನ್ನು ತಿಳಿಸುವುದು ಪ್ರತಿಯೊಬ್ಬರ ಕಾನೂನುಬದ್ಧ ಕರ್ತವ್ಯ. ಸಂಘದ ಮಾನ ಹೋಗುತ್ತದೆಂಬ ನೆಪ ಅಲ್ಲಿ ಸಲ್ಲದು.

ನಮ್ಮ ಶಿಬಿರ

1965ರ ವಲಸೆ ಕಾಯಿದೆಯ ಬಳಿಕ ಬಂದ ನಮ್ಮ ಹಿರಿಯರು ಈ ರಾಜ್ಯದಲ್ಲಿ ಕನ್ನಡವನ್ನು ಕಟ್ಟಿದ್ದು ಸಣ್ಣ ಸಾಧನೆಯಲ್ಲ. ಅಕ್ಕ ಸಂಸ್ಥೆಯ ಮೊದಲ ವಿಶ್ವ ಕನ್ನಡ ಸಮ್ಮೇಳನ 2000ದಲ್ಲಿ ನಡೆದದ್ದು ಹ್ಯೂಸ್ಟನ್ನಿನಲ್ಲಿ. 2018ರಲ್ಲಿ ಅದು ಡಲ್ಲಾಸಿಗೆ ಬಂದಿತು. ಸಾವಿರಾರು ಜನರಿಗೆ ಹೋಳಿಗೆ ಊಟ ಬಡಿಸಬಲ್ಲ ನಾವು ನಲವತ್ತು ಮಕ್ಕಳನ್ನು ನೋಡಿಕೊಳ್ಳಲಾರೆವೇ? ಖಂಡಿತ ಬಲ್ಲೆವು. ಆದರೆ ನಮ್ಮ ಅಭ್ಯಾಸದಲ್ಲಿ ಒಂದು ಅಸಮತೋಲವಿದೆ. ನಮ್ಮ ಮಕ್ಕಳ ಕಾರ್ಯಕ್ರಮವೆಂದರೆ ವೇದಿಕೆಯ ಕಾರ್ಯಕ್ರಮ ಎಂದೇ ಆಗಿಹೋಗಿದೆ. ವಾರವಿಡೀ ಶಾಲೆ, ಸಂಜೆ ಗಣಿತದ ತರಗತಿ, ಶನಿವಾರ ಭರತನಾಟ್ಯ, ಭಾನುವಾರ ರಾಜ್ಯೋತ್ಸವದ ರಿಹರ್ಸಲ್. ನಮ್ಮ ಚಿಕಿತ್ಸಾಲಯಕ್ಕೆ ಮಂಡಿನೋವು, ತಲೆನೋವು ಎಂದು ಬರುವ ಹದಿಹರೆಯದವರಲ್ಲಿ ಹಲವರಿಗೆ ಬೇಕಾಗಿರುವುದು ಮಾತ್ರೆಯಲ್ಲ, ನಿದ್ದೆ. ಹದಿಮೂರರಿಂದ ಹದಿನೆಂಟರ ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ, ಅದಕ್ಕಿಂತ ಚಿಕ್ಕ ಶಾಲಾ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು 2016ರಲ್ಲಿ ಹೇಳಿದ್ದಾರೆ.

ಆದುದರಿಂದ ನಮ್ಮ ಶಿಬಿರದ ದಿನಚರಿಯನ್ನು ಹೀಗೆ ಹಾಕಿಕೊಳ್ಳಬಹುದು. ಬೆಳಗಿನ ತಂಪಿನಲ್ಲಿ ಮೈಮುರಿದು ಆಟ, ಗರಡಿಯ ಕ್ರಮದಂತೆ ಮೊದಲು ನೆಲದ ಪರೀಕ್ಷೆ, ಸಮಬಲದವರ ಜೋಡಿ. ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿ ಕಥೆ, ನಾಟಕ, ಕೈಕೆಲಸ, ಒಂದಿಷ್ಟು ಸುಮ್ಮನೆ ಇರುವ ಹೊತ್ತು. ಬಹುಮಾನಗಳು ಬೇಡ. ಅಡುಗೆ, ಸ್ವಚ್ಛತೆ, ನೀರಿನ ಉಸ್ತುವಾರಿ ತರುಣರದೇ ಆಗಲಿ. ಯೋಜನೆಯ ಸಮಿತಿಯಲ್ಲೂ ಅವರಿರಲಿ. ರಾತ್ರಿ ಅಂತ್ಯಾಕ್ಷರಿ ಹನ್ನೆರಡರವರೆಗೆ ಹೋಗುವುದು ಬೇಡ.

ಈಜುಕೊಳವಿದ್ದರೆ ಮಕ್ಕಳು ಜೋಡಿಜೋಡಿಯಾಗಿಯೇ ಇಳಿಯಲಿ. ಒಬ್ಬ ಹಿರಿಯರು ಕಾಲು ಗಂಟೆಯ ಸರದಿಯಂತೆ, ಕೈಯಲ್ಲಿ ಫೋನಿಲ್ಲದೆ, ನೀರನ್ನೇ ನೋಡುತ್ತಿರಲಿ. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಹೋಗುತ್ತದೆ. ಜಾಗ ಗೊತ್ತುಮಾಡುವ ಮೊದಲು ಅದು ನೆರೆಬಯಲಿನಲ್ಲಿದೆಯೇ ಎಂದು ನಕ್ಷೆಯಲ್ಲಿ ನೋಡಬೇಕು. ಎತ್ತರಕ್ಕೆ ನಡೆದು ಹೋಗುವ ದಾರಿಯನ್ನು ಮೊದಲ ಸಂಜೆಯೇ ಮಕ್ಕಳಿಗೆ ತೋರಿಸಬೇಕು. ರಾತ್ರಿಯಿಡೀ ಸರದಿಯಲ್ಲಿ ಇಬ್ಬರು ಎಚ್ಚರವಾಗಿರಬೇಕು.

ಇನ್ನು ನಮ್ಮ ಊಟದ ವಿಚಾರ. ಎಳ್ಳು, ಶೇಂಗಾ, ಗೋಡಂಬಿಗಳಿಲ್ಲದ ಕನ್ನಡದ ಅಡುಗೆ ಉಂಟೇ? ಅಮೆರಿಕದಲ್ಲಿ ಎಳ್ಳನ್ನು 2023ರ ಜನವರಿಯಿಂದ ಪ್ರಮುಖ ಅಲರ್ಜಿಕಾರಕಗಳ ಪಟ್ಟಿಗೆ ಸೇರಿಸಲಾಗಿದೆ. ಸಂಕ್ರಾಂತಿಯಂದು ನಾವು ಪ್ರೀತಿಯಿಂದ ಹಂಚುವ ಎಳ್ಳುಬೆಲ್ಲದ ಒಂದು ಹಿಡಿ ಕೆಲವು ಮಕ್ಕಳಿಗೆ ಪ್ರಾಣಾಂತಿಕವಾಗಬಹುದು. ಪ್ರತಿ ಮಗುವಿನ ಅಲರ್ಜಿ, ಔಷಧಿ, ಆಸ್ತಮಾಗಳ ವಿವರ ಬರಹದಲ್ಲಿರಬೇಕು. ಎಪಿನೆಫ್ರಿನ್ ಚುಚ್ಚುಮದ್ದು ಬೀಗ ಹಾಕಿದ ಕಾರಿನಲ್ಲಲ್ಲ, ಆ ಮಗುವಿನ ಹತ್ತಿರವೇ ಇರಬೇಕು.

ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ಮಕ್ಕಳಿಗೆ ಖುಷಿ ಎಲ್ಲಿಂದ ಬರಬೇಕು ಎಂದು ಕೆಲವರು ಕೇಳಬಹುದು. ಮಟ್ಟಿಯನ್ನು ಹದ ಮಾಡಿದ ಗರಡಿಯಲ್ಲಿ ಕುಸ್ತಿ ನಿಲ್ಲಲಿಲ್ಲ. ಬಾವಿ ತೋಡಿದ ಬೆಳಗಾವಿಯಲ್ಲಿ ಹಾಡು ನಿಲ್ಲಲಿಲ್ಲ. ಹಿರಿಯರು ಎಚ್ಚರವಾಗಿದ್ದರೆ ಮಾತ್ರ ಮಕ್ಕಳು ನಿಶ್ಚಿಂತೆಯಿಂದ ನಕ್ಕು, ಆಡಿ, ಮಲಗಬಲ್ಲರು.

ಬಂಧುಗಳೆ, ಮುಂದಿನ ವಾರ ಸಮಿತಿ ಸೇರಲಿದೆ. ಊಟದ ಪಟ್ಟಿ, ಟೀಷರ್ಟಿನ ಬಣ್ಣ, ಮುಖ್ಯ ಅತಿಥಿಗಳ ಹೆಸರು ಇವೆಲ್ಲವನ್ನೂ ಅಗತ್ಯವಾಗಿ ಚರ್ಚಿಸೋಣ. ಆದರೆ ಅದಕ್ಕೆ ಮೊದಲು ನೀರು, ನೆರಳು, ನೆಲ, ದಾರಿ, ಕಾವಲು ಈ ಐದನ್ನು ಬರಹದಲ್ಲಿ ನಿಶ್ಚಯಿಸೋಣ. ಹಾಗೆ ನಿಶ್ಚಯವಾಗದಿದ್ದರೆ ಶಿಬಿರವನ್ನು ಒಂದು ವರ್ಷ ಮುಂದೂಡುವ ಧೈರ್ಯವೂ ನಮಗಿರಲಿ. ಏನೇ ಆದರೂ ಒಬ್ಬ ತಾಯಿ ಬಂದು "ನೀವೆಲ್ಲ ಅಲ್ಲೇ ಇದ್ದಿರಲ್ಲಾ" ಎಂದು ಕೇಳಿದರೆ, "ಇದ್ದೆವಮ್ಮ, ಎಚ್ಚರವಾಗಿಯೇ ಇದ್ದೆವು" ಎಂದು ತಲೆಯೆತ್ತಿ ಹೇಳುವಂತಿರಬೇಕು.

 ಕಾವಲಿನ ಮೊದಲ ಸರದಿಗೆ ನಮ್ಮ ಹೆಸರನ್ನು ಇಂದೇ ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿಸುತ್ತೇವೆ.